ಕಂಪ್ಯೂಟರ್ ಆಟಗಳಲ್ಲಿ ಗಾಳಿಯ ಪ್ರವೇಶ: ಒಂದು ಚಾರಿತ್ರಿಕ ವಿವೇಚನೆ

ಕಾಡಿನಲ್ಲೋ ನಿರ್ಜನ ದ್ವೀಪದಲ್ಲೋ ಸಿಲುಕಿದ ಮನುಷ್ಯನು ಮರ ಕಡಿದು, ಕಲ್ಲು ಕೆತ್ತಿ, ಉಪಕರಣಗಳನ್ನು ಮಾಡಿಕೊಂಡು, ಮನೆ ಕಟ್ಟಿ, ಹಸಿವು ಚಳಿಗಳನ್ನು ಎದುರಿಸಿ ಜೀವ ಉಳಿಸಿಕೊಳ್ಳುವುದೇ ವಸ್ತುವಾಗಿರುವ ಕಂಪ್ಯೂಟರ್ ಆಟಗಳು ೨೦೦೯ರಿಂದೀಚೆಗೆ ಜಗತ್ತಿನಲ್ಲೆಲ್ಲ ಬಳಕೆಗೆ ಬಂದಿವೆ. ಇವುಗಳಿಗೆ ಸರ್ವೈವಲ್ ಆಟಗಳೆಂಬ ಹೆಸರು ರೂಢಿಯಲ್ಲಿದೆ. ನಾವು ಇಲ್ಲಿ ಇವನ್ನು ‘ಉಳಿವಿನ ಆಟ’ಗಳೆಂದು ಕರೆಯುತ್ತೇವೆ. ಚರಿತ್ರೆಯ ವಿಭಾಗಕ್ಕೂ ಈ ಆಟಗಳಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಯಂತ್ರಯುಗಕ್ಕೆ ಹಿಂದಿನ ಬದುಕು ಹೇಗಿದ್ದಿತೆಂಬುದರ ಮೊದಲ ಚಿತ್ರವನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಪಠ್ಯಪುಸ್ತಕದಿಂದಲ್ಲದೆ ಇಂತಹ ಆಟಗಳಿಂದಲೇ ಪಡೆದು ತರಗತಿಗೆ ಬರುತ್ತಾರೆ. ಆದುದರಿಂದ ಆ ಚಿತ್ರದಲ್ಲಿ ಯಾವ ನಿಸರ್ಗಶಕ್ತಿ ಇದೆ, ಯಾವುದು ಬಿಟ್ಟುಹೋಗಿದೆ ಎಂಬ ಪ್ರಶ್ನೆ ಅಲ್ಪವಾದುದೆಂದು ನಾವು ಭಾವಿಸುವುದಿಲ್ಲ. ಹಗಲು, ಇರುಳು, ಮಳೆ, ಹಿಮ ಇವು ಈ ಆಟಗಳಿಗೆ ಸುಲಭವಾಗಿ ಬಂದವು. ಗಾಳಿ ಮಾತ್ರ ತಡವಾಗಿ ಬಂದಿತು. ಕೆಲವು ಆಟಗಳಿಗೆ ಇನ್ನೂ ಬಂದಿಲ್ಲ. ಅದು ಬಂದ ಬಗೆಯನ್ನೂ, ಅದರಿಂದ ತಿಳಿಯತಕ್ಕುದನ್ನೂ ಮುಂದೆ ಪರಿಶೀಲಿಸಲಾಗಿದೆ.

ಮೊದಲನೆಯ ತೊಡಕು ಗಾಳಿಯ ಸ್ವರೂಪದಲ್ಲಿಯೇ ಇದೆ. ಅದು ಕಣ್ಣಿಗೆ ಕಾಣುವುದಿಲ್ಲ. ಅದು ಅಲುಗಿಸಿದ ವಸ್ತುಗಳಿಂದ ಮಾತ್ರ ಅದನ್ನು ಅರಿಯಬೇಕು. ಕಣದಲ್ಲಿ ರಾಶಿ ತೂರುವ ರೈತನು ಗಾಳಿಯ ವೇಗವನ್ನು ಯಾವ ಉಪಕರಣದಿಂದಲೂ ಅಳೆಯುವುದಿಲ್ಲ. ಹೊಟ್ಟು ಎಷ್ಟು ದೂರ ಹಾರಿತೆಂಬುದನ್ನು ನೋಡುತ್ತಾನೆ. ‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆಯಲ್ಲಿ ಈ ಅನುಭವವೇ ಅಡಗಿದೆ. ಬ್ರಿಟಿಷ್ ನೌಕಾಪಡೆಯ ಅಧಿಕಾರಿ ಫ್ರಾನ್ಸಿಸ್ ಬೋಫರ್ಟ್ ೧೮೦೫ರಲ್ಲಿ ರೂಪಿಸಲಾರಂಭಿಸಿದ ಪ್ರಸಿದ್ಧ ಮಾಪಕವೂ ಇದೇ ಹಾದಿಯದು. ಸೊನ್ನೆಯಿಂದ ಹನ್ನೆರಡರವರೆಗಿನ ಅದರ ಮೆಟ್ಟಿಲುಗಳನ್ನು ಗಂಟೆಗೆ ಇಷ್ಟು ಮೈಲಿ ಎಂಬ ಲೆಕ್ಕದಿಂದ ವಿವರಿಸಿರಲಿಲ್ಲ. ಯುದ್ಧನೌಕೆಯೊಂದು ಆ ಗಾಳಿಯಲ್ಲಿ ಎಷ್ಟು ಹಾಯಿಗಳನ್ನು ಬಿಚ್ಚಿ ನಡೆಯಬಲ್ಲುದು ಎಂಬುದರಿಂದ ವಿವರಿಸಲಾಗಿತ್ತು. ಯಾವ ಹಾಯಿಯೂ ತಡೆಯಲಾರದ ಗಾಳಿಯೇ ಹನ್ನೆರಡನೆಯದು. ೧೮೩೮ರಲ್ಲಿ ಆ ನೌಕಾಪಡೆ ಈ ಮಾಪಕವನ್ನು ಅಂಗೀಕರಿಸಿತು. ಗಾಳಿಯೆಂದರೆ ಅದು ಮಾಡುವ ಕೆಲಸಗಳ ಮೊತ್ತ ಎಂಬ ಈ ತಿಳಿವಳಿಕೆಯನ್ನೇ ಸುಮಾರು ಎರಡು ಶತಮಾನಗಳ ಅನಂತರ ಆಟಗಳ ನಿರ್ಮಾಪಕರು ತಮ್ಮದೇ ದಾರಿಯಲ್ಲಿ ಮತ್ತೆ ಕಂಡುಕೊಳ್ಳಬೇಕಾಯಿತು.

ಕಂಪ್ಯೂಟರ್ ಆಟಗಳಲ್ಲಿ ಗಾಳಿಯ ಅತ್ಯಂತ ಸರಳವಾದ ರೂಪ ಕಾಣುವುದು ಫಿರಂಗಿಯ ಆಟಗಳಲ್ಲಿ. ೧೯೯೧ರಲ್ಲಿ ಬಂದ ‘ಗೊರಿಲ್ಲಾಸ್’ ಮತ್ತು ‘ಸ್ಕಾರ್ಚ್ಡ್ ಅರ್ತ್’, ೧೯೯೫ರ ‘ವರ್ಮ್ಸ್’ ಇವುಗಳಲ್ಲಿ ಗಾಳಿ ಒಂದೇ ಒಂದು ಸಂಖ್ಯೆ. ಅದು ಎಡಕ್ಕೋ ಬಲಕ್ಕೋ ಬೀಸುತ್ತದೆ. ಹಾರುವ ಗುಂಡಿನ ದಾರಿಯನ್ನು ಬಾಗಿಸುತ್ತದೆ. ಅಲ್ಲಿಗೆ ಅದರ ಕೆಲಸ ಮುಗಿಯಿತು. ‘ವರ್ಮ್ಸ್’ ಆಟದಲ್ಲಿ ಬಜೂಕದ ಗುಂಡು ಗಾಳಿಗೆ ಬಾಗುವುದು, ಕೈಬಾಂಬು ಬಾಗದು. ಯಾವ ವಸ್ತು ಗಾಳಿಗೆ ಒಳಪಡಬೇಕೆಂಬುದು ಇಲ್ಲಿ ಭೌತನಿಯಮಕ್ಕೆ ಸೇರಿದ ಮಾತಾಗಿರದೆ ನಿರ್ಮಾಪಕರ ನಿರ್ಧಾರವಾಗಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಈ ಸ್ವಾತಂತ್ರ್ಯವನ್ನು ನೆನಪಿನಲ್ಲಿಡುವುದು ಅಗತ್ಯ.

ಇದಕ್ಕೆ ನಾಲ್ಕು ವರ್ಷ ಮೊದಲೇ, ೧೯೮೭ರಲ್ಲಿ, ಸಿಡ್ ಮೈಯರ್ ರಚಿಸಿದ ‘ಪೈರೇಟ್ಸ್!’ ಎಂಬ ಆಟವು ಗಾಳಿಗೆ ಇನ್ನೂ ದೊಡ್ಡ ಪಾತ್ರವನ್ನು ಕೊಟ್ಟಿತ್ತು. ಹದಿನಾರು, ಹದಿನೇಳನೆಯ ಶತಮಾನಗಳ ಕೆರಿಬಿಯನ್ ಸಮುದ್ರವೇ ಅದರ ರಂಗಭೂಮಿ. ಅಲ್ಲಿ ಗಾಳಿ ಬಹುಮಟ್ಟಿಗೆ ಪೂರ್ವದಿಂದ ಬೀಸುವುದರಿಂದ ಪಶ್ಚಿಮಕ್ಕೆ ಹೋಗುವ ಹಡಗು ಬೇಗ ಸಾಗುತ್ತದೆ. ಹಿಂದಿರುಗುವ ಹಡಗು ದಿನಗಟ್ಟಲೆ ತೆವಳಬೇಕಾಗುತ್ತದೆ. ಹೀಗೆ ನಕ್ಷೆಯ ಮೇಲೆ ಸಮಾನ ದೂರದಲ್ಲಿರುವ ಎರಡು ಬಂದರುಗಳು ಕಾಲದ ಲೆಕ್ಕದಲ್ಲಿ ಅಸಮಾನವಾದವು. ಕರ್ನಾಟಕದ ಚರಿತ್ರೆಯನ್ನು ಓದಿದವರಿಗೆ ಈ ಅನುಭವ ಅಪರಿಚಿತವಲ್ಲ. ವಿಜಯನಗರದ ಸೈನ್ಯಕ್ಕೆ ಬೇಕಾದ ಕುದುರೆಗಳು ಅರಬ್ಬೀ ಸಮುದ್ರವನ್ನು ದಾಟಿ ಭಟ್ಕಳ ಮೊದಲಾದ ಬಂದರುಗಳಿಗೆ ಬರುತ್ತಿದ್ದುವು. ಆ ಸಮುದ್ರದಲ್ಲಿ ಹಾಯಿಹಡಗಿನ ಸಂಚಾರವನ್ನು ಮಾರುತಗಳ ಋತುಚಕ್ರವೇ ಆಳುತ್ತಿತ್ತು. ನೈಋತ್ಯ ಮಾರುತ ಭರದಿಂದ ಬೀಸುವ ತಿಂಗಳುಗಳಲ್ಲಿ ನಮ್ಮ ಪಶ್ಚಿಮ ಕರಾವಳಿಯ ಬಂದರುಗಳಿಗೆ ಹಡಗು ತರುವುದು ಬಲು ಅಪಾಯದ ಕೆಲಸವಾಗಿತ್ತು. ಅರಸನ ಆಜ್ಞೆಯಾಗಲಿ ವರ್ತಕನ ಹಣವಾಗಲಿ ಈ ಕ್ರಮವನ್ನು ಬದಲಾಯಿಸಲಾರದಾಗಿದ್ದಿತು.

ಇಷ್ಟು ಹಿನ್ನೆಲೆಯಿದ್ದರೂ, ಉಳಿವಿನ ಆಟಗಳಿಗೆ ದೊಡ್ಡ ಮಾದರಿಯಾದ ‘ಮೈನ್‌ಕ್ರಾಫ್ಟ್’ ಗಾಳಿಯಿಲ್ಲದೆಯೇ ಹುಟ್ಟಿತು. ಸ್ವೀಡನ್ನಿನ ಮಾರ್ಕಸ್ ಪರ್ಸನ್ ೨೦೦೯ರಲ್ಲಿ ಮೊದಲು ಹೊರತಂದು, ೨೦೧೧ರಲ್ಲಿ ಪೂರ್ಣರೂಪ ತಳೆದ ಈ ಆಟದಲ್ಲಿ ನೀರು ಹರಿಯುತ್ತದೆ, ಮರಳು ಕುಸಿಯುತ್ತದೆ, ಬೆಂಕಿ ಹಬ್ಬುತ್ತದೆ. ಮೋಡಗಳು ಯಾವಾಗಲೂ ಪಶ್ಚಿಮಕ್ಕೇ ತೇಲುತ್ತವೆ. ಆದರೆ ಅವನ್ನು ತೇಲಿಸುವ ಗಾಳಿ ನೆಲದ ಮೇಲೆ ಯಾರನ್ನೂ ಮುಟ್ಟುವುದಿಲ್ಲ. ೨೦೨೪ರಲ್ಲಿ ‘ಬ್ರೀಝ್’ ಎಂಬ ಜೀವಿಯೂ ಅದು ಎಸೆಯುವ ಗಾಳಿಯುಂಡೆಗಳೂ ಈ ಆಟಕ್ಕೆ ಸೇರಿದುವು. ಅದು ಆಯುಧವಾಯಿತೇ ಹೊರತು ಹವಾಮಾನವಾಗಲಿಲ್ಲ. ೨೦೨೩ರ ಹೊತ್ತಿಗೆ ಮೂವತ್ತು ಕೋಟಿಗೂ ಮೀರಿದ ಪ್ರತಿಗಳು ಮಾರಾಟವಾಗಿದ್ದ ಈ ಆಟಕ್ಕೆ ಗಾಳಿಯ ಅಭಾವದಿಂದ ಯಾವ ಕೊರತೆಯೂ ಆಗಲಿಲ್ಲವೆಂಬುದನ್ನು ಒಪ್ಪಲೇಬೇಕು. ಗಾಳಿಯನ್ನು ಸೇರಿಸಿದ ಮಾತ್ರಕ್ಕೆ ಆಟ ಉತ್ತಮವಾಗುತ್ತದೆ ಎಂಬುದು ನಮ್ಮ ವಾದವಲ್ಲ.

ಗಾಳಿಯನ್ನು ಸೇರಿಸುವುದು ಲೆಕ್ಕದ ದೃಷ್ಟಿಯಿಂದಲೂ ಸುಲಭವಲ್ಲ. ನಿಜವಾದ ಗಾಳಿಯ ಚಲನೆಯನ್ನು ವಿವರಿಸುವ ಸಮೀಕರಣಗಳು ಹತ್ತೊಂಬತ್ತನೆಯ ಶತಮಾನದಿಂದಲೇ ತಿಳಿದಿವೆ. ಆದರೆ ವಿಶಾಲವಾದ ದ್ವೀಪವೊಂದರ ಪ್ರತಿಯೊಂದು ಮೂಲೆಯಲ್ಲಿಯೂ ಅವನ್ನು ಕ್ಷಣಕ್ಷಣಕ್ಕೆ ಬಿಡಿಸುವುದು ಮನೆಯ ಕಂಪ್ಯೂಟರಿಗೆ ಬಹಳ ಭಾರವಾದ ಕೆಲಸ. ಆದುದರಿಂದ ಗಾಳಿಯ ಏರಿಳಿತವನ್ನು ಅನುಕರಿಸುವ ಸುಲಭೋಪಾಯಗಳನ್ನು ಅವಲಂಬಿಸುವುದು ರೂಢಿ. ಇವುಗಳಲ್ಲಿ ಹೆಸರಾದುದು ಕೆನ್ ಪರ್ಲಿನ್ ೧೯೮೩ರಲ್ಲಿ ರೂಪಿಸಿ ೧೯೮೫ರಲ್ಲಿ ಪ್ರಕಟಿಸಿದ ವಿಧಾನ: ಥಟ್ಟನೆ ಹಾರದೆ ನಯವಾಗಿ ಏರಿಳಿಯುವ ಅನಿಯತ ಸಂಖ್ಯೆಗಳ ಸರಣಿಯನ್ನು ಅದು ಒದಗಿಸುತ್ತದೆ. ನಿಧಾನವಾದ ಸರಣಿಯೊಂದರ ಮೇಲೆ ತ್ವರಿತವಾದ ಸಣ್ಣ ಸರಣಿಗಳನ್ನು ಹೇರಿದರೆ ದಿನದ ಗಾಳಿಯೂ ಅದರೊಳಗಿನ ಬೀಸುಗಳೂ ದೊರೆಯುತ್ತವೆ. ಆರಂಭದ ಸಂಖ್ಯೆಯೊಂದನ್ನೂ ಆಟದ ಗಡಿಯಾರವನ್ನೂ ಮಾತ್ರ ಆಧರಿಸಿ ಇದನ್ನು ಗುಣಿಸಿದಲ್ಲಿ, ಬೇರೆ ಬೇರೆ ಊರುಗಳಲ್ಲಿ ಕುಳಿತು ಒಂದೇ ಲೋಕದಲ್ಲಿ ಆಡುವವರೆಲ್ಲರಿಗೂ ಒಂದೇ ಗಾಳಿ ಬೀಸುತ್ತದೆ. ಇನ್ನು ‘ಮರೆ’ಯ ಪ್ರಶ್ನೆ. ಆಟಗಾರನಿಂದ ಗಾಳಿ ಬರುವ ದಿಕ್ಕಿಗೆ ಒಂದು ಕಲ್ಪಿತ ರೇಖೆಯನ್ನೆಳೆದು, ಗೋಡೆಯೋ ಬಂಡೆಯೋ ಅದಕ್ಕೆ ಅಡ್ಡ ಬಂದರೆ ಅವನು ಮರೆಯಲ್ಲಿದ್ದಾನೆಂದು ತಿಳಿಯುವುದು ಸರಳವಾದ ಮಾರ್ಗ. ಇದು ಭೌತವಿಜ್ಞಾನಿಗೆ ಒರಟಾಗಿ ಕಂಡರೂ ಬಯಲಿನಲ್ಲಿ ಬೆಂಕಿ ಹಚ್ಚಲು ಜಾಗ ಹುಡುಕುವವನ ವಿವೇಕಕ್ಕೆ ಹತ್ತಿರವಾಗಿದೆ.

ಈ ವಿವೇಕವನ್ನೇ ಆಟದ ತಿರುಳಾಗಿಸಿದುದು ಕೆನಡಾದ ಹಿಂಟರ್‌ಲ್ಯಾಂಡ್ ಸಂಸ್ಥೆಯ ‘ದಿ ಲಾಂಗ್ ಡಾರ್ಕ್’. ೨೦೧೪ರಲ್ಲಿ ಅಪೂರ್ಣರೂಪದಲ್ಲಿ ಹೊರಬಂದು ೨೦೧೭ರಲ್ಲಿ ಪೂರ್ಣವಾಗಿ ಬಿಡುಗಡೆಯಾದ ಈ ಆಟದಲ್ಲಿ ಶತ್ರುವೆಂದರೆ ಮುಖ್ಯವಾಗಿ ಚಳಿ. ಇಲ್ಲಿ ಗಾಳಿ ಆಟಗಾರನ ದೇಹವನ್ನೇ ಮುಟ್ಟುತ್ತದೆ. ತಾಪಮಾನದ ಲೆಕ್ಕದಲ್ಲಿ ಗಾಳಿಯಿಂದಾಗುವ ಚಳಿ ಬೇರೆಯಾಗಿ ಸೇರುತ್ತದೆ. ಉಡುಪುಗಳಿಗೆ ಬೆಚ್ಚಗಿಡುವ ಗುಣ ಒಂದು, ಗಾಳಿಯನ್ನು ತಡೆಯುವ ಗುಣ ಇನ್ನೊಂದು. ಗಾಳಿ ಬಲವಾಗಿದ್ದಾಗ ಬಯಲಿನಲ್ಲಿ ಬೆಂಕಿ ಹೊತ್ತುವುದಿಲ್ಲ. ಬಂಡೆಯ ಮರೆಯಲ್ಲಿ ಹೊತ್ತಿಸಿದ ಬೆಂಕಿಯೂ ಗಾಳಿ ದಿಕ್ಕು ಬದಲಿಸಿದರೆ ಆರಿಹೋಗಬಹುದು. ಗಾಳಿಚಳಿಯ ಈ ಕಲ್ಪನೆಗೂ ಒಂದು ಚರಿತ್ರೆಯಿದೆ. ೧೯೩೯-೪೧ರ ಅಮೆರಿಕನ್ ಅಂಟಾರ್ಕ್ಟಿಕ್ ಯಾತ್ರೆಯಲ್ಲಿದ್ದ ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸಲ್ ಅವರು ಸಣ್ಣ ಪ್ಲಾಸ್ಟಿಕ್ ಕೊಳವೆಯೊಂದರಲ್ಲಿನ ನೀರು ಬೇರೆ ಬೇರೆ ಗಾಳಿಗಳಲ್ಲಿ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುವುದೆಂದು ಅಳೆದು, ೧೯೪೫ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ೨೦೦೧ರಲ್ಲಿ ಕೆನಡಾ ಮತ್ತು ಅಮೆರಿಕ ಸಂಯುಕ್ತ ಸಂಸ್ಥಾನಗಳು ಅಂಗೀಕರಿಸಿದ ಪರಿಷ್ಕೃತ ಸೂತ್ರದ ಪ್ರಕಾರ, ಉಷ್ಣತೆ ಸೊನ್ನೆಗಿಂತ ೧೦ ಡಿಗ್ರಿ ಸೆಲ್ಸಿಯಸ್ ಕೆಳಗಿದ್ದು ಗಾಳಿ ಗಂಟೆಗೆ ೩೦ ಕಿಲೋಮೀಟರು ಬೀಸಿದರೆ ಮೈಗೆ ತಗಲುವ ಚಳಿ ಸೊನ್ನೆಗಿಂತ ಸುಮಾರು ೨೦ ಡಿಗ್ರಿ ಕೆಳಗಿನದು. ಅಂದು ಕೊಳವೆಯ ನೀರಿನಿಂದ ಅರಿತ ಸಂಗತಿ ಇಂದು ಆಟಗಾರನ ಕೋಟಿನ ಆಯ್ಕೆಯನ್ನು ನಿರ್ಧರಿಸುತ್ತದೆ.

೨೦೨೧ರ ಫೆಬ್ರವರಿಯಲ್ಲಿ ಸ್ವೀಡನ್ನಿನ ಐರನ್ ಗೇಟ್ ಸಂಸ್ಥೆ ಹೊರತಂದ ‘ವಾಲ್‌ಹೈಮ್’ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ವೈಕಿಂಗರ ಪುರಾಣಲೋಕವನ್ನು ಆಧರಿಸಿದ ಈ ಆಟದಲ್ಲಿ ಗಾಳಿ ಕೆಡುಕನ್ನಷ್ಟೇ ಅಲ್ಲದೆ ದುಡಿಮೆಯನ್ನೂ ಮಾಡುತ್ತದೆ. ಗಾಳಿಗಿರಣಿ ಬಾರ್ಲಿಯನ್ನು ಬೀಸಿ ಹಿಟ್ಟು ಮಾಡುವ ವೇಗ ಬೀಸುವ ಗಾಳಿಯನ್ನು ಅವಲಂಬಿಸಿದೆ. ಹಡಗು ಹಿಂಗಾಳಿಯಲ್ಲಿ ಹಾಯಿಯುಬ್ಬಿಸಿ ಓಡುತ್ತದೆ. ನೇರವಾದ ಎದುರುಗಾಳಿಯಲ್ಲಿ ಹಾಯಿ ನಿಷ್ಪ್ರಯೋಜಕವಾಗುವುದರಿಂದ ಹುಟ್ಟು ಹಾಕಬೇಕು, ಇಲ್ಲವೆ ಓರೆಯಾಗಿ ತಿರುತಿರುಗಿ ಸಾಗಬೇಕು. ಸಣ್ಣ ನಕ್ಷೆಯ ಅಂಚಿನಲ್ಲಿ ಗಾಳಿಯ ದಿಕ್ಕನ್ನು ಸೂಚಿಸುವ ಗುರುತು ಇರುವುದರಿಂದ ಹೊರಡುವ ಮೊದಲೇ ಯೋಚಿಸಲು ಅವಕಾಶವುಂಟು. ಮುಖ್ಯವಾದ ಮಾತೆಂದರೆ, ಮೋಡರ್ ಎಂಬ ಪರ್ವತದ ಘಟಸರ್ಪವನ್ನು ಗೆದ್ದವನಿಗೆ ದೊರೆಯುವ ವರ: ಅದನ್ನು ಬಳಸಿದಾಗ ಸ್ವಲ್ಪ ಕಾಲ ಗಾಳಿ ಸದಾ ಹಡಗಿನ ಹಿಂದಿನಿಂದಲೇ ಬೀಸುತ್ತದೆ. ಗಾಳಿಯಿಂದ ಬಿಡುಗಡೆ ಇಲ್ಲಿ ಪ್ರಾರಂಭದಲ್ಲಿಯೇ ದೊರೆಯುವ ಸೌಕರ್ಯವಲ್ಲ; ಬಹುಕಾಲ ಎದುರುಗಾಳಿಯಲ್ಲಿ ಹುಟ್ಟು ಹಾಕಿದವನು ಗಳಿಸುವ ಪ್ರತಿಫಲ.

ಚರಿತ್ರೆಯಲ್ಲಿಯೂ ಈ ಬಿಡುಗಡೆ ತಡವಾಗಿಯೇ ಬಂದಿತು. ಮುಂಬಯಿಯಲ್ಲಿ ಕಟ್ಟಿದ ಹ್ಯೂ ಲಿಂಡ್ಸೆ ಎಂಬ ಉಗಿಹಡಗು ೧೮೩೦ರಲ್ಲಿ ಅಲ್ಲಿಂದ ಹೊರಟು ಸೂಯೆಜ್ ತಲುಪಿದಾಗ, ಸಾವಿರಾರು ವರ್ಷಗಳಿಂದ ಮಾರುತಕ್ಕೆ ಕಾದಿದ್ದ ಸಮುದ್ರದಲ್ಲಿ ಹೊಸದೊಂದು ಕಾಲಗಣನೆ ಆರಂಭವಾಯಿತು. ಆ ಬದಲಾವಣೆಯ ತೂಕ ಎಷ್ಟೆಂಬುದು, ಗಾಳಿಗಾಗಿ ಕಾಯುವುದೆಂದರೇನೆಂದು ತಿಳಿಯದವನಿಗೆ ಹೊಳೆಯುವುದು ಕಷ್ಟ. ಪಠ್ಯಪುಸ್ತಕದಲ್ಲಿ ಅದು ಒಂದು ವಾಕ್ಯ. ಎದುರುಗಾಳಿಯಲ್ಲಿ ಸಿಕ್ಕಿ ಇಡೀ ಸಂಜೆಯನ್ನು ಕಳೆದ ಆಟಗಾರನಿಗೆ ಅದು ಅನುಭವ.

ಮೇಲೆ ಕಂಡ ಉದಾಹರಣೆಗಳಿಂದ, ಆಟಕ್ಕೆ ಗಾಳಿಯನ್ನು ತರುವವರು ಮೂರು ಪ್ರಶ್ನೆಗಳಿಗೆ ಉತ್ತರ ಹೇಳಬೇಕಾಯಿತೆಂದು ತೋರುತ್ತದೆ. ಗಾಳಿ ಯಾವುದನ್ನು ಮುಟ್ಟುತ್ತದೆ? ಅದು ಬರುವುದನ್ನು ಆಟಗಾರನು ಹೇಗೆ ಅರಿಯುತ್ತಾನೆ? ಅದರಿಂದ ತಪ್ಪಿಸಿಕೊಳ್ಳಲು ಅಥವಾ ಅದನ್ನು ದುಡಿಸಿಕೊಳ್ಳಲು ಅವನಿಗೆ ಏನು ಉಪಾಯವಿದೆ? ಮೊದಲನೆಯದಕ್ಕೆ ಉತ್ತರವಿಲ್ಲದಿದ್ದರೆ ಗಾಳಿ ಹುಲ್ಲನ್ನು ತೂಗಿಸುವ ಅಲಂಕಾರವಾಗಿ ಉಳಿಯುತ್ತದೆ. ಎರಡನೆಯದಕ್ಕೆ ಉತ್ತರವಿಲ್ಲದಿದ್ದರೆ ಅದು ಅನ್ಯಾಯವೆನಿಸುತ್ತದೆ. ಮೂರನೆಯದಕ್ಕಿಲ್ಲದಿದ್ದರೆ ಬರಿಯ ಪೀಡೆಯಾಗುತ್ತದೆ. ಮೂರಕ್ಕೂ ಉತ್ತರ ದೊರೆತಲ್ಲಿ ಗಾಳಿಯನ್ನು ನೋಡಿ ಮನುಷ್ಯನು ತನ್ನ ನಿರ್ಧಾರವನ್ನು ಬದಲಾಯಿಸುತ್ತಾನೆ: ಇಂದು ಹೊರಡುವುದು ಬೇಡ, ಗಿರಣಿಯನ್ನು ದಿಬ್ಬದ ಮೇಲೆ ಕಟ್ಟೋಣ, ಬೆಂಕಿಯನ್ನು ಬಂಡೆಯ ಈ ಬದಿಗೆ ಹಚ್ಚೋಣ. ಗಾಳಿ ಆಟಕ್ಕೆ ಬಂದಿತೆಂದು ಹೇಳಲು ಇದಕ್ಕಿಂತ ಉತ್ತಮವಾದ ಒರೆಗಲ್ಲು ನಮಗೆ ಕಾಣದು.

ಈ ಒರೆಗಲ್ಲನ್ನು ನಮ್ಮ ಬರವಣಿಗೆಗೂ ಹಿಡಿದು ನೋಡುವುದು ಉಚಿತ. ವಾಣಿಜ್ಯಮಾರ್ಗಗಳ ನಕ್ಷೆಗಳನ್ನು ಬರೆಯುವಾಗ ನಾವು ಬಂದರಿನಿಂದ ಬಂದರಿಗೆ ನೇರವಾದ ಗೆರೆಯನ್ನೆಳೆಯುತ್ತೇವೆ. ಆ ಗೆರೆ ಯಾವ ತಿಂಗಳಿನದೆಂದು ಬರೆಯುವುದಿಲ್ಲ. ಕುದುರೆಗಳು ಬಂದುವೆನ್ನುತ್ತೇವೆ, ಅವು ಯಾವ ಗಾಳಿಗೆ ಕಾದು ಬಂದುವೆಂದು ಕೇಳುವುದಿಲ್ಲ. ಅಂತಹ ಚರಿತ್ರೆಯೂ ಗಾಳಿಯಿಲ್ಲದ ಆಟವೇ. ಅದರಲ್ಲಿ ಮೋಡಗಳು ತೇಲುತ್ತವೆ, ಯಾರಿಗೂ ಏನೂ ತಗಲುವುದಿಲ್ಲ. ಹಾಯಿ ಇಳಿಸಿ ಹುಟ್ಟು ಹಿಡಿದ ವಿದ್ಯಾರ್ಥಿಯೊಬ್ಬನು ನಾಳೆ ನಮ್ಮ ತರಗತಿಯಲ್ಲಿ ಎದ್ದು ನಿಂತು, ಆ ಹಡಗು ಯಾವ ತಿಂಗಳಿನಲ್ಲಿ ಹೊರಟಿತೆಂದು ಕೇಳಿದರೆ, ಅದಕ್ಕೆ ಉತ್ತರ ಕೊಡಲು ಅಧ್ಯಾಪಕರಾದ ನಾವು ಸಿದ್ಧರಾಗಿರಬೇಕು.