ಕಡತನಾಮಗಳಲ್ಲಿ ಓಕಾರದ ಎರಡು ರೂಪಗಳು

ಹಳೆಯ ಶಾಸನಗಳ ಲಿಪಿಯಲ್ಲಿ ಒಕಾರ ಓಕಾರಗಳ ಭೇದವನ್ನು ಸಾಮಾನ್ಯವಾಗಿ ತೋರಿಸುತ್ತಿರಲಿಲ್ಲವೆಂಬುದು ವಾಚಕರಿಗೆ ವಿದಿತವೇ ಆಗಿದೆ. ಅಲ್ಲಿ ಒಂದೇ ಬರಹಕ್ಕೆ ಎರಡು ಉಚ್ಚಾರಣೆಗಳು ಸಲ್ಲುತ್ತಿದ್ದುವು. ಗಣಕಯಂತ್ರದ ಕಡತಗಳ ಹೆಸರುಗಳಲ್ಲಾದರೋ ಇದರ ವಿಪರ್ಯಯವು ಕಂಡುಬರುತ್ತದೆ: ಕಣ್ಣಿಗೂ ಕಿವಿಗೂ ಒಂದೇ ಆದ ಹೆಸರು ಯಂತ್ರಕ್ಕೆ ಎರಡಾಗುತ್ತದೆ. ಇದು ಹೇಗೆ ಒದಗಿತೆಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

1963ರಲ್ಲಿ ಅಮೆರಿಕದಲ್ಲಿ ನಿಯತವಾದ ಆಸ್ಕಿ ಸಂಕೇತಾವಳಿಯಲ್ಲಿ 128 ಸ್ಥಾನಗಳು ಮಾತ್ರ ಇದ್ದುವು. ಅನ್ಯಲಿಪಿಗಳಿಗೆ ಅಲ್ಲಿ ಎಡೆಯಿರಲಿಲ್ಲ. 1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲನೆಯ ಆವೃತ್ತಿಯಲ್ಲಿ ಕನ್ನಡಕ್ಕೂ ಸ್ಥಾನವು ದೊರೆಯಿತು. ಆದರೆ ಸಂಕೇತವು ಒಂದಾದರೂ ಅದನ್ನು ಬರೆದಿಡುವ ಕ್ರಮವು ಒಂದಾಗಲಿಲ್ಲ. 1992ರಲ್ಲಿ ಕೆನ್ ಥಾಂಪ್ಸನ್, ರಾಬ್ ಪೈಕ್ ಎಂಬವರು ರಚಿಸಿದ ಯುಟಿಎಫ್-8 ಪದ್ಧತಿಯು ಯುನಿಕ್ಸ್ ಸಂತತಿಯಲ್ಲಿ ಬೇರೂರಿತು. 1993ರ ವಿಂಡೋಸ್ ಎನ್‌ಟಿಯು 16 ಬಿಟ್‌ಗಳ ಘಟಕಗಳನ್ನು ಆಶ್ರಯಿಸಿತು. ಲಿನಕ್ಸಿನಲ್ಲಿ ಬಳಕೆಯಲ್ಲಿರುವ ಇಎಕ್ಸ್‌ಟಿ4 ವ್ಯವಸ್ಥೆಯಲ್ಲಿ ಹೆಸರಿನ ಮಿತಿ 255 ಬೈಟುಗಳು. ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟುಗಳು ಬೇಕಾದುದರಿಂದ 85 ಸಂಕೇತಗಳಿಗೇ ಅದು ಮುಗಿಯುತ್ತದೆ. ವಿಂಡೋಸಿನ ಎನ್‌ಟಿಎಫ್‌ಎಸ್‌ನಲ್ಲಿಯಾದರೆ ಅಂತಹ 255 ಸಂಕೇತಗಳಿಗೆ ಅವಕಾಶವುಂಟು.

ಇದಕ್ಕಿಂತಲೂ ಸೂಕ್ಷ್ಮವಾದ ತೊಡಕು ಓಕಾರದ್ದು. 'ಕೋಶ' ಎಂಬ ಪದದ ಓಕಾರಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎಕಾರದ ಚಿಹ್ನೆ, ಊಕಾರದ ಚಿಹ್ನೆ, ದೀರ್ಘಚಿಹ್ನೆ ಎಂದು ಮೂರಾಗಿ ಬಿಡಿಸಿಯೂ ಬರೆಯಬಹುದು. ಮೊದಲನೆಯದು 9 ಬೈಟುಗಳು, ಎರಡನೆಯದು 15. ಯೂನಿಕೋಡ್ ಇವೆರಡನ್ನೂ ಸಮಾನವೆಂದೇ ವಿಧಿಸಿದೆ. ಆದರೂ 1998ರಲ್ಲಿ ಆಪಲ್ ಸಂಸ್ಥೆಯು ತಂದ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆಯು ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ಲಿನಕ್ಸ್, ವಿಂಡೋಸ್‌ಗಳು ಸಾಮಾನ್ಯವಾಗಿ ಕೊಟ್ಟುದನ್ನು ಕೊಟ್ಟಂತೆ ಇರಿಸಿ, ಎರಡು ರೂಪಗಳನ್ನೂ ಭಿನ್ನನಾಮಗಳೆಂದು ಎಣಿಸುತ್ತವೆ. 2017ರ ಮ್ಯಾಕ್ಓಎಸ್ ಹೈ ಸಿಯೆರಾದಲ್ಲಿ ಬಂದ ಎಪಿಎಫ್‌ಎಸ್ ಕೊಟ್ಟ ರೂಪವನ್ನುಳಿಸಿ, ಹೋಲಿಸುವಾಗ ಮಾತ್ರ ಎರಡನ್ನೂ ಒಂದೆಂದು ಗ್ರಹಿಸುತ್ತದೆ.

ಇದನ್ನು ಅಲ್ಪವಿಷಯವೆಂದು ಕಡೆಗಣಿಸಲಾಗದು. ಒಂದು ವ್ಯವಸ್ಥೆಯಿಂದ ಮತ್ತೊಂದಕ್ಕೆ ಸಾಗಿಸಿದ ಹಸ್ತಪ್ರತಿಗಳ ಛಾಯಾಚಿತ್ರಗಳು ಭಂಡಾರದಲ್ಲಿ ಇದ್ದೂ, ಹೆಸರು ಹಿಡಿದು ಹುಡುಕಿದಾಗ ಇಲ್ಲವೆಂಬ ಉತ್ತರವು ಬರಬಹುದು. ಇಲ್ಲವೆಂದು ನಂಬಿ ಪಟ್ಟಿಯಿಂದ ತೆಗೆದುಹಾಕಿದರೆ ನಷ್ಟವು ಪೂರ್ಣವಾಗುತ್ತದೆ. ಹೆಸರನ್ನು ಬಂದಂತೆಯೇ ಉಳಿಸಿ, ಹೋಲಿಸುವಾಗ ಎರಡು ಕಡೆಯನ್ನೂ ಒಂದೇ ರೂಪಕ್ಕೆ ತರುವುದು ಕ್ಷೇಮಕರವಾದ ಮಾರ್ಗ. ಪಾಠವನ್ನು ತಿದ್ದದೆ ಪಾಠಾಂತರವನ್ನು ಗುರುತಿಸುವುದು ಗ್ರಂಥಸಂಪಾದಕರಿಗೆ ಹೊಸದಲ್ಲ. ಆ ನಿಯಮವೇ ಇಲ್ಲಿಯೂ ಸಲ್ಲತಕ್ಕದ್ದು.