ವಚನ ಜೋಡಿಸಿದವರ ಚರಿತ್ರೆ

ವಚನಗಳ ಚರಿತ್ರೆ ಹೇಳುವಾಗ ಹನ್ನೆರಡನೆಯ ಶತಮಾನದ ಕಲ್ಯಾಣದಿಂದ ಹೊರಟು, ಶರಣರು ದಿಕ್ಕುಪಾಲಾದದ್ದನ್ನು ಹೇಳಿ, ಅಲ್ಲಿಂದ ಒಂದೇ ನೆಗೆತಕ್ಕೆ ವಚನಗಳನ್ನು ಅಚ್ಚಿಗೆ ತಂದ ಫ. ಗು. ಹಳಕಟ್ಟಿಯವರ ಕಾಲಕ್ಕೆ ಬರುವುದು ವಾಡಿಕೆಯಾಗಿದೆ. ನಡುವಿನ ಶತಮಾನಗಳಲ್ಲಿ ಈ ವಚನಗಳು ಯಾವ ಕ್ರಮದಲ್ಲಿದ್ದವು, ಒಬ್ಬನಿಗೆ ಒಂದು ವಚನ ಬೇಕೆನಿಸಿದರೆ ಅದು ಹೇಗೆ ಕೈಗೆ ಸಿಗುತ್ತಿತ್ತು ಎಂದು ಕೇಳುವವರು ಕಡಿಮೆ. ವಚನ ಉಳಿಯಬೇಕಾದರೆ ಯಾರೋ ಪ್ರತಿ ಮಾಡಿರಬೇಕು, ಅಷ್ಟು ಸಾಕು ಎಂದು ನಂಬಿಕೊಂಡಿದ್ದೇವೆ. ಆದರೆ ಉಳಿಯುವುದು ಬೇರೆ, ಸಿಗುವುದು ಬೇರೆ. ಒಂದು ವಚನ ಮಠದ ಅಟ್ಟದ ಮೇಲಿನ ಕಟ್ಟಿನಲ್ಲಿ ಐನೂರು ವರ್ಷ ಸುರಕ್ಷಿತವಾಗಿದ್ದೂ ಯಾರ ಕಣ್ಣಿಗೂ ಬೀಳದೆ ಇರಬಹುದು. ವಚನ ಸಾಹಿತ್ಯ ಓದುಗರ ಕಣ್ಣಿಗೆ ಬಿದ್ದ ಪ್ರತಿ ಸಲವೂ ಅದರ ಹಿಂದೆ ಯಾರೋ ಕೂತು ಮಾಡಿದ ಒಂದು ಹೊಸ ಜೋಡಣೆ ಇತ್ತು, ಮತ್ತು ಆ ಜೋಡಣೆಯೇ ಯಾವ ವಚನ ಮುಂದೆ ಬರಬೇಕು, ಯಾವುದು ಹಿಂದೆ ಉಳಿಯಬೇಕು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸಿತು ಎಂಬುದು ಇಲ್ಲಿನ ವಾದ.

ಮೊದಲ ಗುರುತನ್ನು ವಚನಕಾರರೇ ಇಟ್ಟರು. ವಚನದ ಕೊನೆಗೆ ಬರುವ ಇಷ್ಟದೈವದ ಹೆಸರು, ಅಂದರೆ ಅಂಕಿತ, ಭಕ್ತಿಯ ಉದ್ಗಾರ ಹೌದು. ಜೊತೆಗೆ ಅದು ಕರ್ತೃವನ್ನು ವಚನದ ಒಳಗೇ ಹೊಲಿದಿಡುವ ಏರ್ಪಾಡು. ಗುಹೇಶ್ವರ ಎಂದಿದ್ದರೆ ಅಲ್ಲಮ, ಕೂಡಲಸಂಗಮದೇವ ಎಂದಿದ್ದರೆ ಬಸವಣ್ಣ, ರಾಮನಾಥ ಎಂದಿದ್ದರೆ ದಾಸಿಮಯ್ಯ, ಕಪಿಲಸಿದ್ಧಮಲ್ಲಿಕಾರ್ಜುನ ಎಂದಿದ್ದರೆ ಸೊನ್ನಲಿಗೆಯ ಸಿದ್ಧರಾಮ. ತಾಳೆಗರಿಯ ಪ್ರತಿಯನ್ನು ಹತ್ತಿರದಿಂದ ನೋಡಿದರೆ ಈ ಏರ್ಪಾಡಿನ ಬೆಲೆ ತಿಳಿಯುತ್ತದೆ. ಪದ ಪದದ ನಡುವೆ ಜಾಗ ಬಿಡದೆ ಕಂಠದಿಂದ ಕೊರೆದ ಸಾಲುಗಳು, ಅಂಚಿನಲ್ಲಿ ಗರಿಯ ಸಂಖ್ಯೆ, ತೂತಿನಲ್ಲಿ ಪೋಣಿಸಿದ ದಾರ, ಮೇಲೆ ಕೆಳಗೆ ಮರದ ಹಲಗೆ. ವಿಷಯಸೂಚಿ ಇಲ್ಲ, ಶೀರ್ಷಿಕೆ ಇಲ್ಲ. ಇಂಥ ಕಟ್ಟಿನಲ್ಲಿ ಒಂದು ವಚನ ಮುಗಿಯಿತು, ಇದು ಇಂಥವರದು ಎಂದು ಓದುವವನಿಗೆ ಹೇಳುತ್ತಿದ್ದದ್ದು ಅಂಕಿತವೇ. ಕಾವ್ಯದಲ್ಲಾದರೆ ಕಥೆಯ ಓಟ ಇದೆ, ಆಶ್ವಾಸಗಳ ಎಣಿಕೆ ಇದೆ. ಬಿಡಿಬಿಡಿಯಾಗಿ ಹುಟ್ಟಿದ ವಚನಕ್ಕೆ ಅಂಥ ಯಾವ ಆಸರೆಯೂ ಇರಲಿಲ್ಲ.

ಅಂಕಿತದಿಂದ ಯಾರದ್ದು ಎಂಬುದು ತಿಳಿಯಿತು. ಯಾವುದರ ಬಗ್ಗೆ ಎಂಬುದು ತಿಳಿಯಲಿಲ್ಲ. ಆ ಕೆಲಸಕ್ಕೆ ಹದಿನೈದನೆಯ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ, ಕೈಹಾಕಿದವರು ಲೌಕಿಕ ಬಿಟ್ಟ ಶಿವಭಕ್ತ ಸಾಧಕರಾದ ವಿರಕ್ತರು. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳನ್ನು, ಅಂದರೆ ಸಾಧನೆಯ ಹಂತಗಳನ್ನು, ಅವರು ಚೌಕಟ್ಟಾಗಿ ಬಳಸಿಕೊಂಡರು. ಮಹಲಿಂಗದೇವ ಮತ್ತು ಜಕ್ಕಣಾರ್ಯರ ಹೆಸರಿನೊಂದಿಗೆ ಸೇರಿಕೊಂಡಿರುವ ಏಕೋತ್ತರ ಶತಸ್ಥಲದ ಸಂಪ್ರದಾಯದಲ್ಲಿ ಇದೇ ಚೌಕಟ್ಟು ನೂರೊಂದು ಮನೆಗಳಾಗಿ ಒಡೆಯಿತು: ಅಂಗಸ್ಥಲ 44, ಲಿಂಗಸ್ಥಲ 57. ಪ್ರತಿ ಮನೆಯಲ್ಲೂ ಅದಕ್ಕೆ ಸಲ್ಲುವ ವಚನಗಳನ್ನು, ಅವು ಯಾರವೇ ಆಗಿರಲಿ, ತಂದು ಕೂರಿಸಿದರು. ಇದನ್ನು ಸ್ಥಲಕಟ್ಟು ಎನ್ನುತ್ತಾರೆ. ಸಾಧಕನೊಬ್ಬ ತನ್ನ ನಡೆಯ ಯಾವ ಹಂತದಲ್ಲಿದ್ದಾನೋ ಆ ಹಂತಕ್ಕೆ ಬೇಕಾದ ಮಾತು ಒಂದೇ ಕಡೆ ಸಿಗಬೇಕೆಂಬುದು ಇದರ ಉದ್ದೇಶ. ಇಷ್ಟು ವಿಸ್ತಾರವಾಗಿ, ಇಷ್ಟು ಮುಂದಾಲೋಚನೆಯಿಂದ ಬಿಡಿ ಮಾತುಗಳನ್ನು ವಿಷಯವಾರು ಹೊಂದಿಸಿದ ಕೆಲಸಕ್ಕೆ ಕನ್ನಡದಲ್ಲಿ ಸಮನಾದದ್ದನ್ನು ಹುಡುಕುವುದು ಕಷ್ಟ. ಈ ಸಂಕಲನಕಾರರಿಗೆ ಸಾಹಿತ್ಯ ಚರಿತ್ರೆ ಕೊಟ್ಟ ಜಾಗ ತೀರ ಸಣ್ಣದು ಎಂದೇ ನನ್ನ ಅಭಿಪ್ರಾಯ.

ಇಲ್ಲಿ ಒಂದು ಬಲವಾದ ಆಕ್ಷೇಪ ಬರುತ್ತದೆ. ಬಸವಣ್ಣ ಸಿಟ್ಟಿನಲ್ಲಿ, ಅಳುಕಿನಲ್ಲಿ, ಸಂತೋಷದಲ್ಲಿ ಆಡಿದ ಮಾತನ್ನು ಭಕ್ತಸ್ಥಲದ ಒಂದು ಉಪವಿಭಾಗಕ್ಕೆ ಕಟ್ಟಿಹಾಕಿದರೆ ಅದರ ಬಿಸಿ ಆರುವುದಿಲ್ಲವೇ? ಬದುಕಿನ ವಚನವನ್ನು ಸಿದ್ಧಾಂತದ ಉದಾಹರಣೆಯಾಗಿ ಇಳಿಸಿದಂತೆ ಆಗುವುದಿಲ್ಲವೇ? ಆಕ್ಷೇಪ ನಿಜ. ಸ್ಥಲದ ಮನೆಗಳಿಗೆ ಸರಿಹೊಂದುವ ವಚನಗಳು ಮುಂದೆ ಬಂದವು. ಕಾಯಕದ ಜಗಳ, ಜಾತಿಯ ನೋವು, ಊರಿನ ದೈನಂದಿನ ಸಂಗತಿ ಹೇಳುವವು ಹಿಂದಿನ ಸಾಲಿಗೆ ಸರಿದವು. ಆದರೆ ಇದರಿಂದ ಹೊರಡುವ ತೀರ್ಮಾನ ಜೋಡಣೆ ಬೇಡ ಎಂಬುದಾಗಬಾರದು. ಅದೇ ಕಾಲದ ಆಸುಪಾಸಿನಲ್ಲಿ ಶಿವಗಣಪ್ರಸಾದಿ ಮಹದೇವಯ್ಯ ಅವೇ ವಚನಗಳನ್ನು ತೆಗೆದುಕೊಂಡು ಬೇರೆಯೇ ರೀತಿಯಲ್ಲಿ ಹೊಂದಿಸಿದ. ಅಲ್ಲಮಪ್ರಭುವನ್ನು ನಡುವೆ ನಿಲ್ಲಿಸಿ, ಒಬ್ಬರ ವಚನಕ್ಕೆ ಇನ್ನೊಬ್ಬರ ವಚನವನ್ನು ಉತ್ತರವಾಗಿಟ್ಟು, ಶೂನ್ಯಸಂಪಾದನೆ ಎಂಬ ಮಹಾಸಂವಾದವನ್ನು ಕಟ್ಟಿದ. ಹಲಗೆಯದೇವ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣ ಅದನ್ನು ಮತ್ತೆ ಮತ್ತೆ ಪರಿಷ್ಕರಿಸಿದರು. ಸ್ಥಲಕಟ್ಟಿನಲ್ಲಿ ಉಪದೇಶವಾಗಿ ಕೇಳಿಸುವ ವಚನ ಇಲ್ಲಿ ವಾಗ್ವಾದವಾಗಿ, ಸವಾಲಾಗಿ ಕೇಳಿಸುತ್ತದೆ. ಒಂದು ಜೋಡಣೆ ಮರೆಮಾಡಿದ್ದನ್ನು ಇನ್ನೊಂದು ಜೋಡಣೆ ತೋರಿಸಿತು. ಯಾವ ಜೋಡಣೆಯೂ ಇಲ್ಲದೆ ಬಿಟ್ಟಿದ್ದರೆ ಬಿಸಿ ಉಳಿದಿರುತ್ತಿತ್ತೋ ಏನೋ, ಆದರೆ ಅದನ್ನು ಮುಟ್ಟಿನೋಡುವವರು ಇರುತ್ತಿರಲಿಲ್ಲ.

ಮುದ್ರಣದ ಕಾಲಕ್ಕೆ ಬಂದಾಗ ಓದುಗ ಬದಲಾಗಿದ್ದ. ಅವನು ಮಠದ ಸಾಧಕನೇ ಆಗಿರಬೇಕೆಂದಿಲ್ಲ. ಶಾಲೆಯ ಮೇಷ್ಟರಾಗಿರಬಹುದು, ವಕೀಲನಾಗಿರಬಹುದು. ವಿಜಾಪುರದಲ್ಲಿ ಸ್ವತಃ ವಕೀಲರಾಗಿದ್ದ ಹಳಕಟ್ಟಿಯವರು ಊರೂರಿನ ಕಟ್ಟುಗಳನ್ನು ಕಲೆಹಾಕಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ತಂದರು, ಆಮೇಲೆ ತಮ್ಮದೇ ಹಿತಚಿಂತಕ ಮುದ್ರಣಾಲಯ ಕಟ್ಟಿ, 1926ರಿಂದ ‘ಶಿವಾನುಭವ’ ಪತ್ರಿಕೆಯ ಮೂಲಕ ಒಬ್ಬೊಬ್ಬರೇ ವಚನಕಾರರನ್ನು ಕನ್ನಡಿಗರ ಮುಂದಿಟ್ಟರು. ಮುದ್ರಣ ಕೊಟ್ಟ ದೊಡ್ಡ ಅನುಕೂಲ ಸಂಖ್ಯೆ. ಎಲ್ಲ ಪ್ರತಿಗಳಲ್ಲೂ ಒಂದೇ ಪುಟದಲ್ಲಿ ಒಂದೇ ವಚನ ಬರುವುದರಿಂದ, ವಚನಕ್ಕೆ ಕ್ರಮಾಂಕ ಕೊಟ್ಟು ಕೊನೆಯಲ್ಲಿ ಮೊದಲ ಸಾಲುಗಳ ಅಕಾರಾದಿ ಸೇರಿಸಿದರೆ ಯಾರು ಬೇಕಾದರೂ ಹುಡುಕಬಹುದು. ಈ ಸಂಖ್ಯೆ ಎಷ್ಟು ದೂರ ಹೋಯಿತು ಎನ್ನುವುದಕ್ಕೆ ಒಂದು ನಿದರ್ಶನ: ಎ. ಕೆ. ರಾಮಾನುಜನ್ 1973ರಲ್ಲಿ ‘ಸ್ಪೀಕಿಂಗ್ ಆಫ್ ಶಿವ’ ಪ್ರಕಟಿಸಿದಾಗ ಬಸವಣ್ಣನ ವಚನಗಳಿಗೆ ಶೀರ್ಷಿಕೆ ಕೊಡಲಿಲ್ಲ, ಶಿ. ಶಿ. ಬಸವನಾಳರು ಸಂಪಾದಿಸಿದ ‘ಬಸವಣ್ಣನವರ ಷಟ್‌ಸ್ಥಲದ ವಚನಗಳು’ ಆವೃತ್ತಿಯ ಸಂಖ್ಯೆಗಳನ್ನೇ ತಲೆಯ ಮೇಲಿಟ್ಟರು. ದೇಹವನ್ನೇ ದೇಗುಲ ಮಾಡುವ, ಎಲ್ಲರಿಗೂ ಗೊತ್ತಿರುವ ಆ ವಚನ ಅಲ್ಲಿ ಬರೀ 820. ಷಿಕಾಗೋದಲ್ಲಿ ಕೂತ ಓದುಗ ಬಸವನಾಳರ ಧಾರವಾಡದ ಪುಸ್ತಕದಲ್ಲಿ ನೇರವಾಗಿ ಆ ವಚನಕ್ಕೇ ಬರುವ ದಾರಿ ಆ ಮೂರು ಅಂಕಿಗಳಲ್ಲಿದೆ. ಗಮನಿಸಬೇಕಾದ ಇನ್ನೊಂದು ಮಾತು, ಬಸವನಾಳರ ಆವೃತ್ತಿ ಆರು ಸ್ಥಲಗಳ ಕ್ರಮವನ್ನೇ ಅನುಸರಿಸಿತ್ತು. ವಿರಕ್ತರ ಜೋಡಣೆ ಅಚ್ಚಿನ ಪುಸ್ತಕದೊಳಗೂ ಜೀವಂತವಾಗಿತ್ತು.

1993ರಲ್ಲಿ ಕರ್ನಾಟಕ ಸರ್ಕಾರ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ತಂದ ‘ಸಮಗ್ರ ವಚನ ಸಂಪುಟ’ದ 15 ಪುಸ್ತಕಗಳಲ್ಲಿ ಮತ್ತೊಂದು ತಿರುವು ಕಾಣುತ್ತದೆ. ಇಲ್ಲಿ ವಚನಕಾರನೇ ಘಟಕ. ಬಸವಣ್ಣ, ಅಲ್ಲಮ, ಚೆನ್ನಬಸವಣ್ಣ, ಸಿದ್ಧರಾಮರಿಗೆ ಒಂದೊಂದು ಸಂಪುಟ. ಉಳಿದವರಿಗೆ ಸಂಕೀರ್ಣ ಸಂಪುಟಗಳು. ಕೊನೆಯದು ಪಾರಿಭಾಷಿಕ ಕೋಶ. ಐದನೆಯದು ಶಿವಶರಣೆಯರ ವಚನ ಸಂಪುಟ. ಈ ಒಂದು ನಿರ್ಧಾರದ ಪರಿಣಾಮವನ್ನು ಸೂಳೆ ಸಂಕವ್ವೆಯ ವಿಷಯದಲ್ಲಿ ನೋಡಬೇಕು. ನಿರ್ಲಜ್ಜೇಶ್ವರ ಎಂಬ ಅಂಕಿತದ ಆಕೆಯ ವಚನ ನಮಗೆ ಉಳಿದಿರುವುದು ಒಂದೇ ಒಂದು. ಸ್ಥಲಕಟ್ಟಿನ ಸಾವಿರ ವಚನಗಳ ನಡುವೆ ಅದು ಒಂದು ದೃಷ್ಟಾಂತ ಮಾತ್ರ. ಅಕ್ಕಮಹಾದೇವಿ, ಸತ್ಯಕ್ಕ, ಆಯ್ದಕ್ಕಿ ಲಕ್ಕಮ್ಮ, ಕದಿರ ರೆಮ್ಮವ್ವೆಯರ ಪಕ್ಕದಲ್ಲಿ ಇಟ್ಟಾಗ ಆ ಒಂದೇ ವಚನ ಒಬ್ಬ ಹೆಣ್ಣಿನ, ಒಂದು ವೃತ್ತಿಯ ದನಿಯಾಗಿ ಕೇಳಿಸುತ್ತದೆ. ಹೆಣ್ಣುಮಕ್ಕಳನ್ನು ಹೀಗೆ ಪ್ರತ್ಯೇಕ ಕೂರಿಸುವುದು ಸರಿಯೇ ಎಂದು ಕೇಳಬಹುದು. ಪ್ರತ್ಯೇಕ ಕೂರಿಸುವ ಮುಂಚೆ ಅವರಲ್ಲಿ ಹೆಚ್ಚಿನವರ ಹೆಸರು ಪಂಡಿತರ ವಲಯದ ಆಚೆ ಎಷ್ಟು ಜನಕ್ಕೆ ಗೊತ್ತಿತ್ತು ಎಂಬುದೇ ಅದಕ್ಕೆ ಉತ್ತರ.

ಕಂಪ್ಯೂಟರು ಬಂದ ಮೇಲೆ ಇದೆಲ್ಲ ಬೇಕಿಲ್ಲ, ಪದ ಟೈಪಿಸಿದರೆ ವಚನ ಬಂದು ನಿಲ್ಲುತ್ತದೆ ಎಂಬುದು ಈಗಿನ ಸಾಮಾನ್ಯ ನಂಬಿಕೆ. ಕನ್ನಡದ ಅನುಭವ ಬೇರೆ ಹೇಳುತ್ತದೆ. ಯೂನಿಕೋಡ್‌ನಲ್ಲಿ 1991ರಿಂದಲೇ ಕನ್ನಡಕ್ಕೆ ಜಾಗವಿದ್ದರೂ ಬಹಳ ವರ್ಷ ನಮ್ಮ ಬರಹವೆಲ್ಲ ಹಳೆಯ ಫಾಂಟುಗಳಲ್ಲಿತ್ತು. ತೆರೆಯ ಮೇಲೆ ಕನ್ನಡ ಕಾಣುತ್ತಿತ್ತು, ಒಳಗೆ ಇದ್ದದ್ದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಹುಡುಕುವ ಯಂತ್ರಕ್ಕೆ ಅದು ಕನ್ನಡವೆಂದೇ ತಿಳಿಯುತ್ತಿರಲಿಲ್ಲ. 2010ರ ದಶಕದಲ್ಲಿ ಕನ್ನಡದ ತಂತ್ರಜ್ಞರೂ ಲೇಖಕರೂ ಸೇರಿ ‘ವಚನ ಸಂಚಯ’ ಕಟ್ಟಿ, 20,000ಕ್ಕೂ ಹೆಚ್ಚು ವಚನಗಳನ್ನು ಯೂನಿಕೋಡ್‌ಗೆ ತಂದು, ವಚನಕಾರ, ಅಂಕಿತ, ಪದ ಎಂದು ವಿಂಗಡಿಸಿದ ಮೇಲೆ ಪದ ಹುಡುಕುವುದು ಸುಲಭವಾಯಿತು. ಆಗಲೂ ಯಂತ್ರ ಕೊಡುವುದು ನಾವು ಕೇಳಿದ ಅಕ್ಷರಗಳನ್ನಷ್ಟೆ. ಗುಹೇಶ್ವರ ಎಂದು ಕೊಟ್ಟರೆ ಗೊಹೇಶ್ವರ ಎಂಬ ಪಾಠವಿರುವ ವಚನ ತಪ್ಪಿಹೋಗಬಹುದು. ಸಂಧಿಯಾಗಿ ಕೂಡಿಕೊಂಡ, ವಿಭಕ್ತಿ ಹತ್ತಿ ರೂಪ ಬದಲಿಸಿದ ಪದ ಜಾರಿಕೊಳ್ಳಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಹಸಿವು ಎಂಬ ಪದವಿಲ್ಲದೆ ಹಸಿವನ್ನೇ ಹೇಳುವ ವಚನ ಪದಶೋಧಕ್ಕೆ ಸಿಗುವುದೇ ಇಲ್ಲ. ಅದಕ್ಕೆ ವಿಷಯ ಬಲ್ಲವರು ಓದಿ, ಇಂಥ ಕಡೆ ಸಲ್ಲುತ್ತದೆ ಎಂದು ಗುರುತು ಹಾಕಬೇಕು. ವಿರಕ್ತರು ಮಾಡಿದ್ದು ಇದನ್ನೇ.

ವಚನ ಜನಕ್ಕೆ ತಲುಪಿದ್ದು ಹಾಡಿನಿಂದ, ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಅವರಂಥವರ ಕಂಠದಿಂದ, ಸೂಚಿ-ಸಂಖ್ಯೆಗಳಿಂದಲ್ಲ ಎಂದು ಹೇಳುವವರಿದ್ದಾರೆ. ಹಾಡಿನ ಋಣ ದೊಡ್ಡದು, ಒಪ್ಪಬೇಕು. ಆದರೆ ಹಾಡು ಹೆಚ್ಚಾಗಿ ಆರಿಸಿದ ಕೆಲವೇ ವಚನಗಳನ್ನು ಮತ್ತೆ ಮತ್ತೆ ತಲುಪಿಸುತ್ತದೆ, ಮತ್ತು ಹಾಡುಗಾರರು ಆರಿಸಿಕೊಂಡದ್ದೂ ಯಾರೋ ಸಂಪಾದಿಸಿದ ಪುಸ್ತಕದಿಂದಲೇ. ಈಗ ವಚನಗಳು ಮೊಬೈಲಿನಲ್ಲಿ ಚಿತ್ರಗಳಾಗಿ ಹರಿದಾಡುತ್ತಿವೆ. ಎಷ್ಟೋ ಕಡೆ ಒಬ್ಬರ ವಚನಕ್ಕೆ ಇನ್ನೊಬ್ಬರ ಹೆಸರು, ಕೆಲವು ಕಡೆ ಅಂಕಿತವೇ ಕತ್ತರಿಸಿಹೋಗಿದೆ. ಏಳೆಂಟು ಶತಮಾನದ ಈ ಕೆಲಸ ಕೆಡದಿರಬೇಕಾದರೆ ವಚನ ಹಂಚುವವರು, ಪಠ್ಯಪುಸ್ತಕ ಮಾಡುವವರು, ಪತ್ರಿಕೆಯವರು ಒಂದು ಸಣ್ಣ ಶಿಸ್ತು ಪಾಲಿಸಿದರೂ ಸಾಕು: ಚಿತ್ರದ ಬದಲು ಯೂನಿಕೋಡ್ ಅಕ್ಷರಗಳಲ್ಲಿ ವಚನ ಹಾಕಿ, ಅಂಕಿತವನ್ನು ಬಿಡದೆ ಉಳಿಸಿ, ಕೆಳಗೆ ವಚನಕಾರರ ಹೆಸರನ್ನೂ ಸಮಗ್ರ ಸಂಪುಟದ ಸಂಖ್ಯೆಯನ್ನೂ ಬರೆಯಿರಿ.