ಕಾಲುನೋವಿಗೂ ಕುಡಿಯೋ ನೀರಿಗೂ ಇರುವ ಹಳೇ ನಂಟು

ಹಿರಿಯೂರು ತಾಲ್ಲೂಕಿನ ಯಲ್ಲದಕೆರೆ ಕಡೆ ಹೋದರೆ ಜಗಲಿ ಮೇಲೆ ಮಂಡಿ ನೀವಿಕೊಳ್ತಾ ಕೂತವರು ಒಬ್ಬರಾದರೂ ಕಾಣ್ತಾರೆ. "ಯಾಕಜ್ಜಿ?" ಅಂತ ಕೇಳಿದರೆ "ವಾಯು ಕಣಪ್ಪ, ವಯಸ್ಸಾಯ್ತಲ್ಲ" ಅನ್ನೋ ಉತ್ತರ ರೆಡಿ ಇರುತ್ತೆ. ಎಷ್ಟೋ ಸಲ ಅದೇ ನಿಜ ಕೂಡ. ಮಂಡಿ ಸವೆದಿರುತ್ತೆ, ಸೊಂಟದಿಂದ ಹಿಮ್ಮಡಿವರೆಗೆ ನರ ಎಳೀತಿರುತ್ತೆ, ಸಕ್ಕರೆ ಕಾಯಿಲೆಗೆ ಪಾದ ಉರೀತಿರುತ್ತೆ. 2006ರಲ್ಲಿ ಚಿಕೂನ್‌ಗುನ್ಯಾ ರಾಜ್ಯದ ತುಂಬ ಹಬ್ಬಿದಾಗಲಂತೂ ಗಟ್ಟಿಮುಟ್ಟಾದ ಹುಡುಗರೂ ಗೋಡೆ ಹಿಡಿದು ನಡೆದರು, ನೆನಪಿದೆಯಲ್ಲ?

ಆದರೆ ನಮ್ಮ ಒಣಸೀಮೆಯ ಕಾಲುನೋವಿಗೆ ನೀರಿನ ಜೊತೆ ಬೇರೆಯದೇ ಒಂದು ಲೆಕ್ಕವಿದೆ.

ಮೊದಲು ನಾರುಹುಣ್ಣು. ಈಗಿನ ಹುಡುಗರಿಗೆ ಈ ಹೆಸರೇ ಗೊತ್ತಿಲ್ಲ, ಅದೊಂದು ಪುಣ್ಯ. ಮೆಟ್ಟಿಲುಬಾವಿಯ ನೀರಲ್ಲಿರುವ ಸಣ್ಣ ನೀರುಚಿಗಟದೊಳಗೆ ಈ ಹುಳುವಿನ ಮರಿ ಇರುತ್ತಿತ್ತು. ನೀರು ಕುಡಿದು ಸುಮಾರು ಒಂದು ವರ್ಷಕ್ಕೆ ಕಾಲಲ್ಲಿ ಬೊಬ್ಬೆ ಎದ್ದು, ಒಡೆದು, ಹತ್ತಿರ ಹತ್ತಿರ ಒಂದು ಮೀಟರ್ ಉದ್ದದ ಬಿಳಿ ದಾರದಂಥ ಹುಳು ಹೊರಬರೋದು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಒಂದಿಷ್ಟೇ ಎಳೆಯಬೇಕು. ತುಂಡಾಯ್ತೋ, ಕಾಲು ಬಾತು ಕೀವಾಗಿ ತಿಂಗಳುಗಟ್ಟಲೆ ಹಾಸಿಗೆ. ಉರಿ ತಡೆಯಲಾರದೆ ರೋಗಿ ಬಾವಿಗಿಳಿದು ಕಾಲು ಅದ್ದಿದರೆ ಹುಳು ಅಲ್ಲೇ ಮರಿ ಬಿಡೋದು. ಅಲ್ಲಿಗೆ ಊರಿಗೆಲ್ಲ ಹಂಚಿದಂತಾಯ್ತು!

ಇದು ಹೆಚ್ಚಾಗಿದ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 1983-84ರಲ್ಲಿ ರಾಷ್ಟ್ರೀಯ ನಿರ್ಮೂಲನಾ ಕಾರ್ಯಕ್ರಮ ಶುರುವಾದಾಗ ದೇಶದಲ್ಲಿ ವರ್ಷಕ್ಕೆ ಸುಮಾರು 40 ಸಾವಿರ ರೋಗಿಗಳಿದ್ದರು. ಇದಕ್ಕೆ ಲಸಿಕೆಯೂ ಇಲ್ಲ, ಔಷಧಿಯೂ ಇಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಸಿದರು, ಬಾವಿಗೆ ಮದ್ದು ಹಾಕಿದರು, ಮೆಟ್ಟಿಲು ಮುಚ್ಚಿದರು, ಕೊಳವೆಬಾವಿ ಕೊರೆದು ಕೈಪಂಪು ಕೂರಿಸಿದರು. 1996ರ ಜುಲೈನಲ್ಲಿ ರಾಜಸ್ಥಾನದಲ್ಲಿ ಕಂಡದ್ದೇ ಕೊನೆಯ ಪ್ರಕರಣ. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತ ನಾರುಹುಣ್ಣಿನಿಂದ ಮುಕ್ತ ಅಂತ ಘೋಷಿಸಿತು. ನನ್ನ ಪ್ರಕಾರ ನಾವು ಹಬ್ಬ ಮಾಡಬೇಕಾಗಿದ್ದ ಸುದ್ದಿ ಅದು. ಯಾರೂ ಮಾಡಲಿಲ್ಲ.

ಅಂದ ಹಾಗೆ ಕೈಪಂಪು ನಾರುಹುಣ್ಣಿಗಾಗಿಯೇ ಬಂದದ್ದಲ್ಲ. 1967ರ ಬರಗಾಲದ ಹೊತ್ತಿಗೆ ಯುನಿಸೆಫ್ ಗಟ್ಟಿಬಂಡೆ ಕೊರೆಯುವ ಯಂತ್ರಗಳನ್ನು ತರಿಸಿತ್ತು. ಎಪ್ಪತ್ತರ ದಶಕದಲ್ಲಿ 'ಇಂಡಿಯಾ ಮಾರ್ಕ್ 2' ಪಂಪು ತಯಾರಾಯ್ತು. ನಮ್ಮ ಶಾಲೆಗಳ ಮುಂದೆ ಕಿರ್ರ್ ಅಂತಿದ್ದದ್ದು ಅದೇ. ಕಾಲರಾ, ವಾಂತಿಭೇದಿ ತಗ್ಗಲು ಅದೂ ಕಾರಣ, ಅದನ್ನು ಮರೆಯಬಾರದು.

ತೊಂದರೆ ಇದ್ದದ್ದು ಬಂಡೆಯೊಳಗೆ. ನಮ್ಮ ಕಡೆಯ ಗ್ರಾನೈಟ್ ಜಾತಿಯ ಕಲ್ಲುಗಳಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ಮಳೆ ಕಮ್ಮಿ, ನೀರು ಬಿರುಕುಗಳಲ್ಲಿ ವರ್ಷಗಟ್ಟಲೆ ನಿಲ್ಲುತ್ತೆ, ಫ್ಲೋರೈಡ್ ಕರಗುತ್ತೆ. ಬಣ್ಣವಿಲ್ಲ, ವಾಸನೆಯಿಲ್ಲ, ಕುದಿಸಿದರೂ ಹೋಗಲ್ಲ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಗತಿಯಿಲ್ಲದಿದ್ದರೆ 1.5ರವರೆಗೆ ಅನ್ನುತ್ತೆ ಭಾರತೀಯ ಮಾನಕ. ಚಿತ್ರದುರ್ಗ ಜಿಲ್ಲೆಯ ಎಷ್ಟೋ ಬೋರುಗಳು ಇದನ್ನು ದಾಟಿವೆ. ಹಿರಿಯೂರು ತಾಲ್ಲೂಕೂ ಅದರಲ್ಲಿದೆ.

ಮೊದಲು ಮಕ್ಕಳ ಹಲ್ಲಿಗೆ ಕಂದು ಕಲೆ ಬರುತ್ತೆ. ಹತ್ತಾರು ವರ್ಷ ಅದೇ ನೀರು ಕುಡಿದವರಿಗೆ ಕತ್ತು, ಬೆನ್ನು, ಮಂಡಿ ಬಿಗಿಯುತ್ತವೆ. ಚಕ್ಕಳಮಕ್ಕಳ ಹಾಕಿ ಕೂರೋಕಾಗಲ್ಲ. ಮೂಳೆ ಬೆಳೆದು ಬೆನ್ನುಹುರಿ ಒತ್ತಿದರೆ ಕಾಲಿನ ಶಕ್ತಿಯೇ ಹೋಗುತ್ತೆ. ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಇಂಥ ರೋಗಿಗಳನ್ನು ನೋಡಿ ಶಾರ್ಟ್ ಮತ್ತು ಸಂಗಡಿಗರು 1937ರಲ್ಲೇ ವರದಿ ಬರೆದಿದ್ದರು. ಅಂದರೆ ಕೈಪಂಪು ಊರೂರಿಗೆ ಬರುವ 30-40 ವರ್ಷ ಮೊದಲೇ! ಬಂಡೆ ಕೊರೆಯುವ ಉತ್ಸಾಹದಲ್ಲಿ ನೀರಿನ ಪರೀಕ್ಷೆ ಹಿಂದೆ ಬಿತ್ತು.

ಬಿಗಿದ ಮೂಳೆಯನ್ನು ಹಿಂದಿನಂತೆ ಮಾಡೋ ಔಷಧಿ ಇವತ್ತಿಗೂ ಇಲ್ಲ. ನೋವಿನ ಮಾತ್ರೆ ನುಂಗ್ತಾ ಅದೇ ನೀರು ಕುಡಿದರೆ ಏನು ಬಂತು?

1907ರಲ್ಲಿ ಮುಗಿದ ವಾಣಿವಿಲಾಸ ಸಾಗರ ಇದೇ ತಾಲ್ಲೂಕಿನಲ್ಲಿದೆ. 1933ರ ನಂತರ 2022ರಲ್ಲಿ ಅದು ಕೋಡಿ ಬಿದ್ದಾಗ ಜಾತ್ರೆಯಂತೆ ಜನ ಸೇರಿದರು. ಮೇಲೆ ನಿಂತ ಮಳೆನೀರಿನಲ್ಲಿ ಈ ಕಾಟ ಕಮ್ಮಿ. ಕಾಲುವೆ, ಪೈಪು ಮುಟ್ಟದ ಕಡೆ ಶುದ್ಧ ನೀರಿನ ಘಟಕಗಳು ಬಂದಿವೆ, ಕಾಸು ಹಾಕಿ ಕ್ಯಾನು ತುಂಬಿಸಿ ಬೈಕಿಗೆ ಕಟ್ಟಿಕೊಂಡು ಹೋಗ್ತಾರೆ. ಘಟಕ ಕೆಟ್ಟ ದಿನ ಮತ್ತೆ ಬೋರೇ ಗತಿ. ತೋಟಕ್ಕೆ ಕೂಲಿಗೆ ಹೋದ ಹೆಂಗಸರು ಮಧ್ಯಾಹ್ನ ಬಾಯಾರಿದಾಗ ಬೊಗಸೆ ಒಡ್ಡೋದೂ ಮೋಟರಿನ ಪೈಪಿಗೇ.